ಡಿ ಸೆವೆನ್ ಯಾಕೆ ಜಿ ಕಡೆಗೇ ಹೋಗುತ್ತದೆ?

ದಾವಣಗೆರೆಯಲ್ಲಿ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಪ್ರಾಕ್ಟೀಸ್ ಶುರುವಾದರೆ ಈ ಜಗಳ ನನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಹಾಡು ಸಿ ಮೇಜರ್. ಕೀಬೋರ್ಡಿನವರು ನಡುವೆ ಡಿ ಸೆವೆನ್ (ಡಿ, ಎಫ್ ಶಾರ್ಪ್, ಎ, ಸಿ ಒಟ್ಟಿಗೆ ಬಾರಿಸುವ ಕಾರ್ಡ್) ಹಿಡಿಯುತ್ತಾರೆ, ಗಿಟಾರಿನವರು ‘ಅದು ಡಿ ಮೈನರ್ ಅಲ್ವಾ, ಈ ಸ್ಕೇಲ್‌ನಲ್ಲಿ ಎಫ್ ಶಾರ್ಪ್ ಎಲ್ಲಿದೆ?’ ಅಂತ ನಿಲ್ಲಿಸುತ್ತಾರೆ. ಸ್ಕೇಲ್‌ನಲ್ಲಿ ಇಲ್ಲ, ನಿಜ. ಆದರೆ ಆ ಸ್ವರ ಸುಮ್ನೆ ಬಂದದ್ದಲ್ಲ.

ನಮ್ಮ ಸ್ವರಗಳಲ್ಲೇ ನೋಡಿ. ಸಿ ಷಡ್ಜವಾದರೆ ಸಿ ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಡಿ ಸೆವೆನ್‌ನಲ್ಲಿ ಇರುವುದು ರಿ, ಪ್ರತಿ ಮಧ್ಯಮ, ದ, ಸ. ಕಲ್ಯಾಣಿಯ ಮ, ಅಂದರೆ ಆ ಎಫ್ ಶಾರ್ಪ್, ಒಂದು ಗಳಿಗೆ ಬಂದು ಕೂತಿದೆ. ಅದು ಪಕ್ಕದ ಮನೆಗೆ ಏರಿ ಪ ಸೇರುತ್ತದೆ, ಸ ಪಕ್ಕದ ಮನೆಗೆ ಇಳಿದು ನಿ ಸೇರುತ್ತದೆ. ಪ, ನಿ, ರಿ: ಜಿ ಮೇಜರ್ ಬಂತು! ಯಾವ ಕಾರ್ಡಿಗೆ ಹೋಗಬೇಕೋ ಅದರ ಪಂಚಮದ ಮೇಲೆ ಇಂಥದೇ ಸೆವೆನ್ ಕಾರ್ಡ್ ಕಟ್ಟಿದರೆ ಆಯ್ತು. ಎ ಸೆವೆನ್ ಡಿ ಮೈನರಿಗೆ, ಇ ಸೆವೆನ್ ಎ ಮೈನರಿಗೆ. ಸಿ ಸೆವೆನ್‌ನಲ್ಲಿ ಮಾತ್ರ ಹೊಸ ಸ್ವರ ಕೈಶಿಕಿ ನಿಷಾದ (ಬಿ ಫ್ಲಾಟ್), ಅದು ಏರದೆ ದ ಕಡೆ ಇಳಿದು ಎಫ್ ಮೇಜರ್ ತರುತ್ತದೆ. ಬಿ ಡಿಮಿನಿಷ್ಡ್ (ಬಿ, ಡಿ, ಎಫ್) ತಾನೇ ನೆಲೆ ನಿಲ್ಲದ ಕಾರ್ಡ್, ಹಾಗಾಗಿ ಅದಕ್ಕೆ ದಾರಿ ಮಾಡುವ ಸೆವೆನ್ ಇಲ್ಲ.

ಈ ಚಲನೆ ಹಳೆಯದು, ‘ಸೆಕೆಂಡರಿ ಡಾಮಿನಂಟ್’ ಎಂಬ ಹೆಸರು ಹೊಸದು. 14ನೇ ಶತಮಾನದ ಯುರೋಪಿನ ಗಾಯಕರೇ ಸಾಲು ಮುಗಿಯುವ ಕಡೆ, ಬರೆದಿರದಿದ್ದರೂ, ಸ್ವರವನ್ನು ಅರ್ಧ ಏರಿಸಿ ಮುಂದಿನದಕ್ಕೆ ಹತ್ತಿರ ತರುತ್ತಿದ್ದರು. 1722ರಲ್ಲಿ ಫ್ರಾನ್ಸಿನ ಸಂಗೀತಗಾರ ರಾಮೋ ಪಂಚಮದಿಂದ ಇಳಿಯುವ ಸೆವೆನ್ ಕಾರ್ಡುಗಳನ್ನೆಲ್ಲ ‘ಡಾಮಿನಂಟ್’ ಎಂದು ಕರೆದ. ಅದೇ ವರ್ಷದ, ಜರ್ಮನಿಯ ಸಂಗೀತಗಾರ ಬಾಖ್‌ನ ‘ವೆಲ್-ಟೆಂಪರ್ಡ್ ಕ್ಲೇವಿಯರ್’ ಸಂಗ್ರಹದ ಮೊದಲ ಸಿ ಮೇಜರ್ ಪ್ರಿಲ್ಯೂಡ್‌ನಲ್ಲಿ 6ನೇ ಬಾರ್ ಡಿ ಸೆವೆನ್, 7ನೇ ಬಾರ್ ಜಿ. ಕೆಳಗಿನ ಸಿ ಬಿಗೆ ಇಳಿಯುತ್ತದೆ, ಒಳಗಿನ ಎಫ್ ಶಾರ್ಪ್ ಜಿಗೆ ಏರುತ್ತದೆ. ನನಗೆ ಇದಕ್ಕಿಂತ ಚೆನ್ನಾದ ಪಾಠ ಸಿಕ್ಕಿಲ್ಲ, ಎಷ್ಟು ಸಲ ಬಾರಿಸಿದರೂ ಆ ಎರಡು ಬಾರ್‌ಗಳಲ್ಲಿ ಮೈ ಜುಮ್ಮೆನ್ನುತ್ತದೆ. 1800ರಲ್ಲಿ ಬೀಥೋವನ್ ಸಿ ಮೇಜರ್‌ನ ಮೊದಲ ಸಿಂಫನಿಯನ್ನು ಸಿ ಸೆವೆನ್‌ನಿಂದಲೇ ಶುರು ಮಾಡಿ ಎಫ್‌ಗೆ ಹೋದ. ಹಾಡಿನ ನೆಲೆ ಸಿ ಎಂದು ಕೇಳುಗರಿಗೆ ಹೇಳುವ ಮೊದಲೇ!

ಹೆಸರಿಡುವ ಕೆಲಸ ಆಮೇಲಿನದು. ಸಂಗೀತ ಶಾಸ್ತ್ರ ಬರೆದವರಲ್ಲಿ 1906ರಲ್ಲಿ ಶೆಂಕರ್, 1911ರಲ್ಲಿ ಶೋನ್‌ಬರ್ಗ್ ತಮ್ಮ ತಮ್ಮ ಜರ್ಮನ್ ಪದ ಕೊಟ್ಟರು. ‘ಸೆಕೆಂಡರಿ ಡಾಮಿನಂಟ್’ ಅನ್ನುವುದು ಅಮೆರಿಕದ ಪಿಸ್ಟನ್ 1941ರಲ್ಲಿ ತಂದ ಪಠ್ಯದಲ್ಲಿದೆ.

ಯಾವಾಗಲೂ ಹೇಳಿದ ಕಡೆಗೇ ಹೋಗಬೇಕೆಂದಿಲ್ಲ. ಇ ಸೆವೆನ್ ಎ ಮೈನರ್ ಬಿಟ್ಟು ಎಫ್‌ಗೂ ಹೋಗುತ್ತದೆ. ಇ, ಎ, ಡಿ, ಜಿ ಎಂದು ಸಾಲಾಗಿ ಸೆವೆನ್ ಹಿಡಿದರೆ ಏರಬೇಕಿದ್ದ ಸ್ವರವೇ ಅರ್ಧ ಇಳಿದು ಮುಂದಿನ ಕಾರ್ಡಿನ ಏಳನೇ ಸ್ವರವಾಗುತ್ತದೆ.

ಇನ್ನು ಪ್ರಾಕ್ಟೀಸ್ ಜಗಳ. ಡಿ ಮೈನರ್ ಹಿಡಿದರೂ ಜಿ ಬರುತ್ತದೆ, ಆ ಎಳೆತ ಮಾತ್ರ ಇರುವುದಿಲ್ಲ. ಒಬ್ಬರು ಮೈನರ್, ಇನ್ನೊಬ್ಬರು ಸೆವೆನ್ ಹಿಡಿದರೆ ಎಫ್, ಎಫ್ ಶಾರ್ಪ್ ಎರಡೂ ಒಟ್ಟಿಗೆ ಕೇಳಿ ಕಿವಿ ಕೆರೆಯುತ್ತದೆ, ಸ್ಟೇಜ್ ಹತ್ತುವ ಮೊದಲೇ ಮಾತಾಡಿಕೊಳ್ಳಿ.