ಹಾವಿನ ವಿಷಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎಂದು ತಿಳಿಯಲು ಎಷ್ಟು ಕಾಲ ಬೇಕಾಯ್ತು

ಹಾವು ಕಚ್ಚಿತು ಎಂಬ ಸುದ್ದಿ ಬಂದರೆ ಸಾಕು, ‘ಯಾರೋ ಕೆಣಕಿರಬೇಕು, ಸಿಟ್ಟಿಗೆ ಕಚ್ಚಿದೆ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಹಾವಿಗೆ ದ್ವೇಷ, ಚೇಳಿಗೆ ಕೆಟ್ಟ ಬುದ್ಧಿ, ಕಣಜಕ್ಕೆ ಕೋಪ. ಮೈಯಲ್ಲಿ ವಿಷ ಇರುವ ಪ್ರಾಣಿಗೆ ಮನಸ್ಸಿನಲ್ಲೂ ವಿಷ ಇರುತ್ತದೆ ಎಂಬಂತೆ ನಾವು ಮಾತಾಡುತ್ತೇವೆ. ಇದು ಸುಮ್ನೆ ಮಾತಿನ ರೂಢಿ ಅಂತ ನಾನು ಅಂದುಕೊಂಡಿದ್ದೆ. ಆದರೆ ಸುಮಾರು 350 ವರ್ಷಗಳ ಹಿಂದೆ ಓದಿಕೊಂಡವರೇ ಇದನ್ನು ನಂಬಿದ್ದರು. ನಂಬಿದ್ದಷ್ಟೇ ಅಲ್ಲ, ಪುಸ್ತಕ ಬರೆದು ಇದರ ಪರವಾಗಿ ವಾದ ಮಾಡಿದ್ದರು.

ಆ ವಾದದ ಬೇರು ಇಟಲಿಯ ಫ್ಲಾರೆನ್ಸ್‌ನಲ್ಲಿದೆ. ಆಗ ಥೀರಿಯಾಕ್ ಎಂಬ ಔಷಧ ಬಹಳ ಹೆಸರುವಾಸಿ. ಅದಕ್ಕೆ ಮಂಡಲದ ಹಾವಿನ ಮಾಂಸ ಹಾಕುತ್ತಿದ್ದರು, ಹಾಗಾಗಿ ಅರಮನೆಗೆ ಹಾವುಗಳನ್ನು ತರಿಸುವುದು ಮಾಮೂಲಿಯಾಗಿತ್ತು. ಒಂದು ದಿನ ಅಲ್ಲಿ ಪ್ರಶ್ನೆ ಎದ್ದಿತು: ಈ ಹಾವಿನ ವಿಷ ನಿಜಕ್ಕೂ ಎಲ್ಲಿರುತ್ತದೆ? ಪಿತ್ತಕೋಶದಲ್ಲಿ ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ಅರಮನೆಯ ವೈದ್ಯ ಫ್ರಾಂಚೆಸ್ಕೊ ರೆಡಿ ಗ್ರಂಥವನ್ನು ಬದಿಗಿಟ್ಟು ಹಾವನ್ನೇ ನೋಡಲು ಕೂತ. ಹಾವು ಹಿಡಿಯುವ ಯಾಕೊಪೊ ಸೊಟ್ಸಿ ಎಂಬಾತ ಎಲ್ಲರ ಎದುರಿಗೆ ಮೊದಲು ಹಾವಿನ ಪಿತ್ತ ಕುಡಿದ, ಆಮೇಲೆ ವಿಷವನ್ನೇ ಕುಡಿದ. ಅವನಿಗೆ ಏನೂ ಆಗಲಿಲ್ಲ. (ಇದನ್ನು ಯಾರೂ ಮಾಡಿ ನೋಡಬೇಡಿ, ಬಾಯಲ್ಲಿ ಸಣ್ಣ ಹುಣ್ಣಿದ್ದರೂ ವಿಷ ರಕ್ತಕ್ಕೆ ಸೇರಿಬಿಡಬಹುದು.) ಆದರೆ ಅದೇ ವಿಷವನ್ನು ಪ್ರಾಣಿಯ ಗಾಯಕ್ಕೆ ಹಾಕಿದಾಗ ಪ್ರಾಣಿ ಸತ್ತಿತು. 1664ರಲ್ಲಿ ರೆಡಿ ಇದನ್ನೆಲ್ಲ ಪ್ರಕಟಿಸಿದ. ವಿಷ ಎಂದರೆ ಹಲ್ಲಿನ ಹೊದಿಕೆಯಿಂದ ಬರುವ ಹಳದಿ ದ್ರವ, ಅದು ಗಾಯದ ಮೂಲಕ ಒಳಗೆ ಹೋದರೆ ಮಾತ್ರ ಕೊಲ್ಲುತ್ತದೆ ಎಂಬುದು ಅವನ ತೀರ್ಮಾನ.

ಫ್ರಾನ್ಸ್‌ನ ಔಷಧ ತಯಾರಕ ಮೊಯಿಸ್ ಶಾರಾಸ್ ಇದನ್ನು ಒಪ್ಪಲಿಲ್ಲ. ಹಳದಿ ದ್ರವ ಬರೀ ಎಂಜಲು, ಕೊಲ್ಲುವುದು ಕೆರಳಿದ ಹಾವಿನ ರೋಷ, ಆ ರೋಷವೇ ಕಚ್ಚಿದ ಜಾಗದಿಂದ ಒಳಗೆ ಇಳಿಯುತ್ತದೆ ಎಂದು 1669ರಲ್ಲಿ ಬರೆದ. ಸತ್ತ ಹಾವಿನಿಂದ ತೆಗೆದ ದ್ರವವೂ ಕೊಲ್ಲುತ್ತದಲ್ಲ, ಸತ್ತ ಹಾವಿಗೆ ಎಲ್ಲಿಯ ಸಿಟ್ಟು ಎಂಬುದೇ ರೆಡಿಯ ವಾದದ ಬಲ. ಇಷ್ಟಕ್ಕೇ ಮುಗಿಯಬೇಕಿದ್ದ ಜಗಳ ಮತ್ತೂ ಬಹಳ ದಿನ ಎಳೆಯಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಮಾತಿನಲ್ಲಿ ಎಲ್ಲವೂ ‘ವಿಷ’ವೇ. ವಿಷದ ಕಪ್ಪೆ, ವಿಷದ ಹಾವು, ಎರಡಕ್ಕೂ ಒಂದೇ ಪದ. ಆದರೆ ಕಪ್ಪೆ ಯಾರಿಗೂ ಚುಚ್ಚುವುದಿಲ್ಲ. ಅದನ್ನು ತಿಂದವನಿಗೆ, ಕೆಲವು ಸಲ ಮುಟ್ಟಿದವನಿಗೆ ತೊಂದರೆ. ಹಾವು, ಚೇಳು, ಜೇಡ, ಜರಿ, ಕಣಜ, ಜೆಲ್ಲಿ ಮೀನು ಹಾಗಲ್ಲ. ಇವು ತಾವೇ ವಿಷವನ್ನು ಇನ್ನೊಂದರ ಮೈಯೊಳಗೆ ತಳ್ಳುತ್ತವೆ. ಹಲ್ಲೋ ಕೊಂಡಿಯೋ ಮುಳ್ಳೋ, ಚುಚ್ಚಲು ಒಂದು ಸಾಧನ ಬೇಕೇ ಬೇಕು. ಗಂಡು ಪ್ಲಾಟಿಪಸ್‌ಗೆ ಹಿಂಗಾಲಿನಲ್ಲಿ ಮುಳ್ಳಿದೆ, ಕೂಡುವ ಕಾಲದಲ್ಲಿ ಅದರ ವಿಷ ಜಾಸ್ತಿಯಾಗುತ್ತದೆ. ಸೊಟ್ಸಿ ಬದುಕಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ.

ರೆಡಿಯ ನಂತರ ಸುಮಾರು ನೂರು ವರ್ಷಕ್ಕೆ ಇಟಲಿಯವನೇ ಆದ ಫೆಲಿಚೆ ಫೊಂಟಾನ ಬಂದ. ಸಾವಿರಾರು ಪ್ರಯೋಗ ಮಾಡಿ 1781ರಲ್ಲಿ ದೊಡ್ಡ ಪುಸ್ತಕ ತಂದ. ಅವನು ವಿಷವನ್ನು ಅಳೆಯಲು ಹೊರಟ. ಗುಬ್ಬಿಯನ್ನು ಕೊಲ್ಲಲು ಎಷ್ಟು ಬೇಕು, ದೊಡ್ಡ ಪ್ರಾಣಿಗೆ ಎಷ್ಟು ಬೇಕು? ತನ್ನ ನಾಡಿನ ಒಂದು ಮಂಡಲದ ಹಾವು ಕಚ್ಚಿದರೆ ಗಟ್ಟಿಮುಟ್ಟಾದ ಮನುಷ್ಯ ಸಾಮಾನ್ಯವಾಗಿ ಸಾಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದ. ಆ ಕಾಲದ ಎಷ್ಟೋ ಮದ್ದುಗಳು ‘ಕೆಲಸ ಮಾಡಿದ್ದು’ ಹೀಗೆ, ಹೇಗೂ ಬದುಕುವವರು ಬದುಕಿಕೊಳ್ಳುತ್ತಿದ್ದರು. ವಿಷದ ಪ್ರಮಾಣ ಮುಖ್ಯ ಎಂಬ ಈ ಮಾತು ನನಗೆ ರೆಡಿಯ ಪ್ರಯೋಗಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ವಿಷದಲ್ಲಿ ಮುಖ್ಯವಾಗಿರುವುದು ಪ್ರೋಟೀನ್ ಎಂಬುದು 1843ರ ಹೊತ್ತಿಗೆ ಕಾಣಿಸಿಕೊಂಡಿತು.

ಇನ್ನು ಮದ್ದಿನ ಕಥೆ. 1891ರಲ್ಲಿ ವಿಯೆಟ್ನಾಂನ ಒಂದು ಕಡೆ ನೆರೆ ಬಂದು ನಾಗರಹಾವುಗಳು ಮನೆಗಳಿಗೆ ನುಗ್ಗಿದವು, ಹಲವರಿಗೆ ಕಚ್ಚಿದವು. ಹಿಡಿದ ಹಾವುಗಳನ್ನು ಪೀಪಾಯಿಯಲ್ಲಿ ತುಂಬಿ ಸೈಗಾನ್‌ನಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬೆರ್ ಕಾಲ್ಮೆಟ್‌ಗೆ ಕಳಿಸಿದರು. ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ ಪ್ರಾಣಿಗೆ ಅಭ್ಯಾಸ ಮಾಡಿಸಿದರೆ ಅದರ ರಕ್ತದಲ್ಲಿ ವಿಷವನ್ನು ತಡೆಯುವ ಶಕ್ತಿ ಬೆಳೆಯುತ್ತದೆ. ಆ ರಕ್ತದ ತಿಳಿಯನ್ನು ಹಾವು ಕಚ್ಚಿದವರಿಗೆ ಕೊಟ್ಟರೆ ಬದುಕಿಸಬಹುದು. 1894ರಲ್ಲಿ ಕಾಲ್ಮೆಟ್ ಇದನ್ನು ಪ್ರಕಟಿಸಿದ. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂ ಕೂಡ ಅದನ್ನೇ ತೋರಿಸಿದರು. ಆಮೇಲೆ ಕುದುರೆಗಳ ರಕ್ತದಿಂದ ಆ್ಯಂಟಿವೆನಮ್ ಮಾಡುವುದು ಶುರುವಾಯಿತು. 130 ವರ್ಷ ಆಯ್ತು, ಈಗಲೂ ಹೆಚ್ಚುಕಡಿಮೆ ಹಾಗೆಯೇ ಮಾಡುತ್ತಾರೆ.

ಕಾಲ್ಮೆಟ್ ಒಂದು ತಪ್ಪು ಮಾಡಿದ. ನಾಗರಹಾವಿನ ಮದ್ದು ಎಲ್ಲ ಹಾವಿಗೂ ಆಗುತ್ತದೆ ಎಂದು ನಂಬಿದ. ಆಸ್ಟ್ರೇಲಿಯಾದಲ್ಲಿ ಚಾರ್ಲ್ಸ್ ಮಾರ್ಟಿನ್ ಅಲ್ಲಿನ ಹಾವುಗಳಿಗೆ ಅದು ನಾಟುತ್ತಿಲ್ಲ ಎಂದು ತೋರಿಸಿದ. ಭಾರತದಲ್ಲಿ ಜಾರ್ಜ್ ಲ್ಯಾಂಬ್ ಕೊಳಕುಮಂಡಲದ ವಿಷಕ್ಕೆ ಅದು ಪ್ರಯೋಜನವಿಲ್ಲ ಎಂದು ಕಂಡುಕೊಂಡ. ಬ್ರೆಜಿಲ್‌ನಲ್ಲಿ ವಿಟಾಲ್ ಬ್ರೆಜಿಲ್ ಒಂದೊಂದು ಬಗೆಯ ಹಾವಿಗೂ ಅದರದೇ ಮದ್ದು ಬೇಕು ಎಂದು ಖಚಿತಪಡಿಸಿದ, 1901ರಲ್ಲಿ ಸಾವೊ ಪಾಲೊದಲ್ಲಿ ಬುಟಾಂಟನ್ ಸಂಸ್ಥೆ ಕಟ್ಟಿ ಆ ಕೆಲಸ ನಡೆಸಿದ.

ಹಾಗಾದರೆ ಒಂದೊಂದರ ವಿಷ ಯಾಕೆ ಬೇರೆ ಬೇರೆ? ಇಲ್ಲಿಂದ ಕಥೆ ಪೂರ್ತಿ ತಿರುಗಿತು ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಇದಕ್ಕೆ ಉತ್ತರ ಹುಡುಕಲು ಮನುಷ್ಯನಿಗೆ ಏನಾಗುತ್ತದೆ ಎನ್ನುವುದನ್ನು ಬಿಟ್ಟು, ಆ ಪ್ರಾಣಿ ದಿನಾ ಏನು ತಿಂದು ಹೇಗೆ ಬದುಕುತ್ತದೆ ಎಂದು ನೋಡಬೇಕಾಯಿತು. ಆಗ್ನೇಯ ಏಷ್ಯಾದ ಮಲಯನ್ ಗುಳಿಮಂಡಲ ಹಾವಿನ ವಿಷ ಊರಿನಿಂದ ಊರಿಗೆ ಬದಲಾಗುತ್ತದೆ, ಆ ಬದಲಾವಣೆ ಅಲ್ಲಲ್ಲಿ ಅದು ತಿನ್ನುವ ಆಹಾರಕ್ಕೆ ಹೊಂದಿಕೊಂಡಿದೆ ಎಂದು 1996ರಲ್ಲಿ ಗೊತ್ತಾಯಿತು. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಮೀನಿನ ಮೊಟ್ಟೆ ಮಾತ್ರ ತಿನ್ನುವ ಒಂದು ಕಡಲ ಹಾವಿದೆ. ಮೊಟ್ಟೆ ಓಡಿಹೋಗುವುದಿಲ್ಲ, ತಿರುಗಿ ಬೀಳುವುದಿಲ್ಲ. ಆ ಹಾವಿನ ವಿಷದ ಗ್ರಂಥಿ ಸೊರಗಿ, ವಿಷ ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾಗಿದೆ. ವಿಷ ಮೊದಲು ಊಟದ ಸಾಧನ. ನಮ್ಮನ್ನು ಕಚ್ಚುವುದು, ಆ ಸಾಧನವನ್ನು ಹೆದರಿದಾಗ ಬಳಸಿದ್ದು ಅಷ್ಟೆ.

ಸಾಧನ ಅಂದಮೇಲೆ ಖರ್ಚೂ ಇದೆ. ಮೂರು ಬಗೆಯ ಗುಳಿಮಂಡಲ ಹಾವುಗಳ ವಿಷ ತೆಗೆದು ಅಳೆದಾಗ, ಮುಂದಿನ ಮೂರು ದಿನ ಅವು ಸುಮ್ಮನೆ ಮಲಗಿದ್ದಾಗಲೂ ಸುಮಾರು 11 ಶೇಕಡಾ ಜಾಸ್ತಿ ಶಕ್ತಿ ಬಳಸಿದವು ಎಂದು 2006ರ ಅಧ್ಯಯನವೊಂದು ಹೇಳಿತು. ಆದ್ದರಿಂದ ಇವು ವಿಷವನ್ನು ಜೋಪಾನವಾಗಿ ಬಳಸುತ್ತವೆ. ಹಾವು ಕಚ್ಚಿಯೂ ವಿಷ ಬಿಡದೇ ಇರಬಹುದು. (ಆದರೆ ಬಿಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಆಗುವುದಿಲ್ಲ, ಆಸ್ಪತ್ರೆಗೆ ಹೋಗಲೇಬೇಕು.) ಆಫ್ರಿಕಾದ ದಪ್ಪ ಬಾಲದ ಒಂದು ಚೇಳು ಇನ್ನೂ ನಾಜೂಕು. ಕೆಣಕಿದರೆ ಮೊದಲು ನೀರಿನಂಥ ದ್ರವ ಬಿಡುತ್ತದೆ. ಅದರಲ್ಲಿ ಪೊಟ್ಯಾಸಿಯಂ ಲವಣ ಜಾಸ್ತಿ, ಪ್ರೋಟೀನ್ ಕಡಿಮೆ, ಉರಿ ಮಾತ್ರ ವಿಪರೀತ. ಅಷ್ಟಕ್ಕೂ ಎದುರಾಳಿ ಹೋಗದಿದ್ದರೆ ಆಮೇಲೆ ಹಾಲಿನಂಥ ಅಸಲಿ ವಿಷ. ಪ್ರೋಟೀನ್ ಮಾಡಿಕೊಳ್ಳುವುದು ಕಷ್ಟ, ಉಪ್ಪು ಸುಲಭ. 2003ರಲ್ಲಿ ಇದು ಬೆಳಕಿಗೆ ಬಂತು.

ಬುಡಬುಡಿಕೆ ಹಾವು (ರ್‍ಯಾಟಲ್ ಸ್ನೇಕ್) ಇಲಿಗೆ ಕಚ್ಚಿ ತಕ್ಷಣ ಬಿಟ್ಟುಬಿಡುತ್ತದೆ. ಹಿಡಿದುಕೊಂಡರೆ ಇಲಿಯ ಹಲ್ಲು, ಉಗುರಿಗೆ ತಾನೇ ಸಿಕ್ಕೀತು. ಬಿಟ್ಟ ಇಲಿ ಎಲ್ಲೋ ಹೋಗಿ ಸಾಯುತ್ತದೆ. ಅದನ್ನು ಹುಡುಕುವುದು ಹೇಗೆ? ವಿಷದೊಳಗಿನ ಒಂದು ಪ್ರೋಟೀನ್ ಕಚ್ಚಿಸಿಕೊಂಡ ಇಲಿಯ ವಾಸನೆಯನ್ನು ಬೇರೆ ಮಾಡುತ್ತದೆ, ಹಾವು ನಾಲಿಗೆ ಚಾಚುತ್ತಾ ಅದೇ ಜಾಡು ಹಿಡಿಯುತ್ತದೆ.

ಕಣಜದ್ದು ನನಗೆ ಪ್ರತಿ ಸಲ ಬೆರಗು ಹುಟ್ಟಿಸುವ ಕೆಲಸ. ಹಸಿರು ಹೊಳಪಿನ ಒಂದು ಕಣಜವಿದೆ, ಜಿರಳೆಯೇ ಅದರ ಗುರಿ. ಮೊದಲ ಸಲ ಎದೆಗೆ ಚುಚ್ಚುತ್ತದೆ, ಮುಂಗಾಲುಗಳು ಕೆಲವು ನಿಮಿಷ ಸೋಲುತ್ತವೆ. ಜಿರಳೆ ಒದ್ದಾಡದ ಆ ಕೆಲವು ನಿಮಿಷದಲ್ಲೇ ಎರಡನೇ ಸಲ ತಲೆಯೊಳಗೆ, ನೇರ ಮಿದುಳಿಗೆ ಚುಚ್ಚುತ್ತದೆ. ಆಮೇಲೆ ಜಿರಳೆಗೆ ನಡೆಯುವ ಶಕ್ತಿ ಇರುತ್ತದೆ, ತಾನಾಗಿ ಹೊರಡುವ ಮನಸ್ಸು ಮಾತ್ರ ಇರುವುದಿಲ್ಲ. ಕಣಜ ಅದರ ಮೀಸೆ ಹಿಡಿದು, ಹಗ್ಗ ಹಿಡಿದು ದನ ಹೊಡೆದುಕೊಂಡು ಹೋದ ಹಾಗೆ, ಗೂಡಿಗೆ ಕರೆದೊಯ್ಯುತ್ತದೆ. ಅದರ ಮೇಲೆ ಮೊಟ್ಟೆ ಇಟ್ಟು ಗೂಡಿನ ಬಾಯಿ ಮುಚ್ಚುತ್ತದೆ. ಮರಿಗೆ ಬದುಕಿರುವ ಜಿರಳೆಯೇ ಊಟ. ಇಲ್ಲಿ ವಿಷ ಕೊಂದುಬಿಟ್ಟರೆ ಕಣಜಕ್ಕೇ ನಷ್ಟ.

ಕಡಲಲ್ಲಿ ಕೋನ್ ಎಂಬ ಬಸವನಹುಳು ಇದೆ. ಅಷ್ಟು ನಿಧಾನದ ಪ್ರಾಣಿ ಮೀನು ಹಿಡಿದು ತಿನ್ನುತ್ತದೆ! ಅದರ ಒಂದು ಜಾತಿ ಇನ್ಸುಲಿನ್ನನ್ನೇ ಆಯುಧ ಮಾಡಿಕೊಂಡಿದೆ ಎಂದು 2015ರಲ್ಲಿ ಗೊತ್ತಾಯಿತು. ಅದೂ ಬಸವನಹುಳುವಿನ ಇನ್ಸುಲಿನ್ ಅಲ್ಲ, ಮೀನಿನದ್ದನ್ನು ಹೋಲುವ ಇನ್ಸುಲಿನ್. ಅದರಿಂದ ಮೀನಿನ ರಕ್ತದ ಸಕ್ಕರೆ ಕುಸಿಯುತ್ತದೆ, ಮೀನು ಮಂಕಾಗುತ್ತದೆ, ಬಸವನಹುಳು ಬಲೆಯ ಹಾಗೆ ಬಾಯಿ ಹರಡಿ ನುಂಗುತ್ತದೆ.

ಊಟಕ್ಕಲ್ಲದೆ ಬರೀ ರಕ್ಷಣೆಗೆ ರೂಪುಗೊಂಡ ವಿಷವೂ ಇದೆ. ಅಂಥದ್ದರ ಮುಖ್ಯ ಗುಣ ನೋವು, ಅದೂ ತಕ್ಷಣದ ನೋವು. ಕಲ್ಲುಮೀನಿನ ಬೆನ್ನಿನ ಮುಳ್ಳು ಹಾಗೆ, ಜೇನುಹುಳುವಿನ ಕೊಂಡಿ ಹಾಗೆ. ವಿಷ ಉಗುಳುವ ನಾಗರಹಾವುಗಳು ಎದುರಾಳಿಯ ಕಣ್ಣಿಗೇ ಗುರಿ ಇಡುತ್ತವೆ. ಈ ಉಗುಳುವ ವಿದ್ಯೆ ಮೂರು ಸಲ ಬೇರೆ ಬೇರೆಯಾಗಿ ಹುಟ್ಟಿದೆ, ಮೂರೂ ಸಲ ವಿಷ ಹೆಚ್ಚು ನೋವು ಕೊಡುವ ದಾರಿಗೇ ತಿರುಗಿದೆ ಎಂದು 2021ರಲ್ಲಿ ತೋರಿಸಿದರು.

ಇಷ್ಟು ನಿಖರವಾಗಿ ದೇಹದ ಒಂದೊಂದು ಬೀಗಕ್ಕೆ ಒಂದೊಂದು ಕೀಲಿ ಮಾಡಿಟ್ಟುಕೊಂಡ ವಸ್ತು ಔಷಧಕ್ಕೂ ಒದಗಿತು. ಬ್ರೆಜಿಲ್‌ನ ಜರರಾಕ ಹಾವಿನ ವಿಷದ ಅಧ್ಯಯನದಿಂದ ರಕ್ತದೊತ್ತಡಕ್ಕೆ ಕ್ಯಾಪ್ಟೊಪ್ರಿಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೋನ್ ಬಸವನಹುಳುವಿನಿಂದ ತೀವ್ರ ನೋವಿಗೆ ಜಿಕೊನೊಟೈಡ್, 2004ರಲ್ಲಿ. ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿಂದ ಸಕ್ಕರೆ ಕಾಯಿಲೆಗೆ ಎಕ್ಸೆನಟೈಡ್, 2005ರಲ್ಲಿ.

ಆದರೆ ಹಾವು ಕಚ್ಚಿದವರ ಪಾಡು ಅಷ್ಟು ವೇಗವಾಗಿ ಬದಲಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಚ್ಚಿ ಸಾಯುತ್ತಾರೆ. ಬಹುತೇಕ ಎಲ್ಲರೂ ಆಸ್ಪತ್ರೆ ದೂರವಿರುವ ಬಡವರು, ಹೊಲದಲ್ಲಿ ದುಡಿಯುವವರು. 2017ರಲ್ಲಷ್ಟೇ ಆ ಸಂಸ್ಥೆ ಇದನ್ನು ಕಡೆಗಣಿಸಲ್ಪಟ್ಟ ರೋಗಗಳ ಪಟ್ಟಿಯಲ್ಲಿ ಗಟ್ಟಿಯಾಗಿ ಸೇರಿಸಿತು. ಇಷ್ಟು ತಡವಾದದ್ದಕ್ಕೆ ನನಗೆ ಬೇಜಾರಿದೆ.

ವಿಟಾಲ್ ಬ್ರೆಜಿಲ್ ಕಾಲದ ಪ್ರಶ್ನೆ ಇನ್ನೂ ಹಾಗೇ ಇದೆ: ಎಲ್ಲ ಹಾವಿಗೂ ಆಗುವ ಒಂದೇ ಮದ್ದು ಸಾಧ್ಯವೇ? ವರ್ಷಗಟ್ಟಲೆ ತನಗೆ ತಾನೇ ವಿಷ ಚುಚ್ಚಿಕೊಂಡ ಒಬ್ಬ ವ್ಯಕ್ತಿಯ ರಕ್ತದಿಂದ ಎರಡು ಪ್ರತಿಕಾಯಗಳನ್ನು (ವಿಷವನ್ನು ತಡೆಯುವ ಪ್ರೋಟೀನ್‌ಗಳನ್ನು) ಆರಿಸಿ, ಜೊತೆಗೆ ವರೆಸ್ಪ್ಲಾಡಿಬ್ ಎಂಬ ಔಷಧ ಸೇರಿಸಿ 2025ರಲ್ಲಿ ವಿಜ್ಞಾನಿಗಳು ಒಂದು ಮಿಶ್ರಣ ಮಾಡಿದರು. 19 ಬಗೆಯ ಹಾವುಗಳ ವಿಷದ ಎದುರು ಅದನ್ನು ಇಲಿಗಳಲ್ಲಿ ಪರೀಕ್ಷಿಸಿದರು. 13ರಲ್ಲಿ ಪೂರ್ತಿ ರಕ್ಷಣೆ ಸಿಕ್ಕಿತು, ಉಳಿದವುಗಳಲ್ಲಿ ಸ್ವಲ್ಪಮಟ್ಟಿಗೆ. ಈ 19 ಹಾವುಗಳೂ ನಾಗರಹಾವಿನ ಕುಟುಂಬದವು. ಮನುಷ್ಯರ ಮೇಲೆ ಪ್ರಯೋಗ ಇನ್ನೂ ಮುಂದಿದೆ. ರೆಡಿ ನೋಡಲು ಕೂತ ಮಂಡಲದ ಹಾವುಗಳ ಕುಟುಂಬ ಈ ಮದ್ದಿನ ಲೆಕ್ಕದಲ್ಲಿ ಇಲ್ಲ.