ಕಾಯಿಲೆ ಇಲ್ಲದ ಸೈನಿಕರಿಗೂ ಪೆನಿಸಿಲಿನ್ ಯಾಕೆ?

ಪ್ರಶ್ನೆ: ಅಮೆರಿಕದ ಸೇನೆಗೆ ಹೊಸದಾಗಿ ಸೇರಿದವರಿಗೆ ಜ್ವರ, ಕೆಮ್ಮು ಇಲ್ಲದಿದ್ದರೂ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡ್ತಾರಂತೆ, ನಿಜಾನಾ? ಹಾಗಾದ್ರೆ ಹಾಸ್ಟೆಲ್‌ನಲ್ಲಿರುವ ನನ್ನ ಮಗನಿಗೂ ಮಳೆಗಾಲಕ್ಕೆ ಮುಂಚೆ ಒಂದು ಕೊಡಿಸಬಹುದಾ?

ಉತ್ತರ: ನಿಜ, ಅಲ್ಲಿನ ಹಲವು ತರಬೇತಿ ಶಿಬಿರಗಳಲ್ಲಿ ಕೊಡುತ್ತಾರೆ. ಬೆಂಜಥೀನ್ ಪೆನಿಸಿಲಿನ್, 12 ಲಕ್ಷ ಯೂನಿಟ್, ಸೊಂಟಕ್ಕೆ. ಬಿಳಿ ಔಷಧಿ, ತುಂಬಾ ಮಂದ, ದಪ್ಪ ಸೂಜಿಯೇ ಬೇಕು. ಹುಡುಗರು ಅದನ್ನು ‘ಪೀನಟ್ ಬಟರ್ ಶಾಟ್’ ಅಂತಾರೆ. ಚುಚ್ಚಿದ ಜಾಗ ಗಂಟು ಕಟ್ಟಿ, ಕೂರೋಕೂ ಕಷ್ಟವಾಗುವಷ್ಟು ನೋಯುತ್ತದೆ. ಅಲ್ಲಿಂದ ಔಷಧಿ ನಿಧಾನವಾಗಿ ರಕ್ತಕ್ಕೆ ಸೇರುತ್ತಾ ಮೂರು-ನಾಲ್ಕು ವಾರ ಕೆಲಸ ಮಾಡುತ್ತದೆ.

ಇದರ ಗುರಿ ಒಂದೇ: ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಊರೂರಿಂದ ಬಂದ ಹುಡುಗರು ಒಂದೇ ಹಾಲ್‌ನಲ್ಲಿ ಮಲಗುತ್ತಾರೆ, ನಿದ್ದೆ ಕಡಿಮೆ, ದಣಿವು ಜಾಸ್ತಿ. ಒಬ್ಬನ ಗಂಟಲು ನೋವು ಬೇಗ ಹಲವರಿಗೆ ಹಬ್ಬುತ್ತದೆ. ಕೆಲವರಿಗೆ ಅದರ ಹಿಂದೆಯೇ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟವೇ ಹಾಳಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಇದನ್ನು ತಡೆಯಲು ಸಲ್ಫಾಡಯಜಿನ್ ಮಾತ್ರೆ ಹಂಚಿತು. ಮೊದಮೊದಲು ಕಾಯಿಲೆ ಇಳಿಯಿತು. ಆದರೆ ಬೇಗನೇ ಆ ಮಾತ್ರೆಗೆ ಬಗ್ಗದ ಸ್ಟ್ರೆಪ್ಟೊಕಾಕಸ್ ಹುಟ್ಟಿಕೊಂಡು ಶಿಬಿರಗಳಲ್ಲಿ ಹರಡಿತು. ಪೆನಿಸಿಲಿನ್ ವಿಷಯದಲ್ಲಿ ಹಾಗಾಗಿಲ್ಲ. ಈ ಬ್ಯಾಕ್ಟೀರಿಯಾ ಇವತ್ತಿಗೂ ಅದಕ್ಕೆ ಸಾಯುತ್ತದೆ. ಇದೊಂದು ಅಪರೂಪದ ಅದೃಷ್ಟ, ಈ ಪದ್ಧತಿ ನಿಂತಿರುವುದೇ ಅದರ ಮೇಲೆ. ಸ್ಯಾನ್ ಡಿಯಾಗೊದ ನೌಕಾ ತರಬೇತಿ ಕೇಂದ್ರದಲ್ಲಿ ಇಂಜೆಕ್ಷನ್ ನಿಲ್ಲಿಸಿದ್ದರು. 1986-87ರಲ್ಲಿ ರುಮ್ಯಾಟಿಕ್ ಜ್ವರ ಮತ್ತೆ ಕಾಣಿಸಿಕೊಂಡಿತು, ಮತ್ತೆ ಶುರು ಮಾಡಬೇಕಾಯಿತು.

ಆದರೆ ಶಿಬಿರದ ಜ್ವರಗಳಲ್ಲಿ ಬಹಳಷ್ಟು ಅಡಿನೊವೈರಸ್‌ನಿಂದ ಬರುವಂಥವು. ವೈರಸ್‌ಗೆ ಪೆನಿಸಿಲಿನ್ ನಾಟುವುದೇ ಇಲ್ಲ. ಅದಕ್ಕೆ ಬೇರೆ ಲಸಿಕೆಯೇ ಇದೆ, ನುಂಗುವ ಮಾತ್ರೆಯ ರೂಪದಲ್ಲಿ. 1999ರಲ್ಲಿ ದಾಸ್ತಾನು ಮುಗಿದಾಗ ಜ್ವರ ಮರಳಿತು, 2011ರಲ್ಲಿ ಲಸಿಕೆ ಮತ್ತೆ ಬಂತು.

ನಿಮ್ಮ ಮಗನಿಗೆ? ಬೇಡ. ಮಳೆಗಾಲದ ನೆಗಡಿ, ಕೆಮ್ಮು ಬಹುಪಾಲು ವೈರಸ್‌ನದ್ದೇ. ಸುಮ್ನೆ ಚುಚ್ಚಿಸಿದರೆ ನೋವು, ಅಲರ್ಜಿಯ ಅಪಾಯ ಅಷ್ಟೇ ಸಿಗೋದು. ಜ್ವರದ ಜೊತೆ ಗಂಟಲು ಜೋರಾಗಿ ನೋಯುತ್ತಿದ್ದು, ಕೆಮ್ಮು-ನೆಗಡಿ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ಮಾತು: ರುಮ್ಯಾಟಿಕ್ ಜ್ವರ ಬಂದಿದ್ದ ಮಕ್ಕಳಿಗೆ ನಮ್ಮಲ್ಲೂ ಇದೇ ಪೆನಿಸಿಲಿನ್ನನ್ನು 21 ದಿನಕ್ಕೊಮ್ಮೆ ವರ್ಷಗಟ್ಟಲೆ ಕೊಡುತ್ತಾರೆ. ಅದನ್ನು ಮಾತ್ರ ದಯವಿಟ್ಟು ಒಂದು ಸಲವೂ ತಪ್ಪಿಸಬೇಡಿ.