ವೇಪ್, ಸಿಗರೇಟು: ಈ ಅಂಕಿಗಳನ್ನು ಓದುವುದು ಹೇಗೆ?

ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ಮಕ್ಕಳಲ್ಲಿ ಸಿಗರೇಟು, ವೇಪ್ (ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಸೇದುವ ಇ-ಸಿಗರೇಟು) ಬಳಕೆ ಎಷ್ಟು ಅಂತ ಕೇಳುವ ಸರ್ವೆಗಳಲ್ಲಿ 'ಈಗ ಬಳಸುವವರು' ಅಂದರೆ ದಿನಾ ಬಳಸುವವರು ಅಂತಲ್ಲ. ಕಳೆದ 30 ದಿನಗಳಲ್ಲಿ ಒಂದು ದಿನ ಬಳಸಿದ್ದರೂ ಲೆಕ್ಕಕ್ಕೆ ಬಂದರು. 'ಎಂದಾದರೂ ಬಳಸಿದವರು' ಬೇರೆ ಲೆಕ್ಕ. ಇವೆರಡನ್ನೂ ಒಂದೇ ಪಟ್ಟಿಗೆ ಹಾಕಿ, ಹಾಸನದಲ್ಲಿ ನಮ್ಮ ಓದುವ ಗುಂಪಿನ ಮುಂದೆ ನಾನು ಪೆಚ್ಚಾಗಿದ್ದೇನೆ.

ಜಾಗತಿಕ ಯುವ ತಂಬಾಕು ಸರ್ವೆ ಶುರುವಾದದ್ದು 1999ರಲ್ಲಿ. 13ರಿಂದ 15 ವರ್ಷದ ಶಾಲಾ ಮಕ್ಕಳನ್ನು ಕ್ಲಾಸಿನಲ್ಲೇ ಕೇಳುತ್ತಾರೆ. ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ಇದರಲ್ಲಿ ಸಿಗುವುದಿಲ್ಲ, ನೆನಪಿರಲಿ. 2019ರಲ್ಲಿ ಭಾರತದಲ್ಲಿ ಯಾವುದಾದರೂ ತಂಬಾಕು ಬಳಸುತ್ತಿದ್ದವರು ಶೇ. 8.5. ಕರ್ನಾಟಕದಲ್ಲಿ ಬರೀ ಶೇ. 1.2, ಮಿಜೋರಾಂನಲ್ಲಿ ಶೇ. 58ರ ಆಸುಪಾಸು. ದೇಶದ ಸರಾಸರಿ ಎಷ್ಟು ಮರೆಮಾಚುತ್ತದೆ, ಅಲ್ವಾ?

ಈಗ ಅಮೆರಿಕದ ಹೈಸ್ಕೂಲು ಮಕ್ಕಳನ್ನು ನೋಡಿ. 'ಈಗ ಬಳಸುವವರ' ಲೆಕ್ಕದಲ್ಲಿ, 2011ರಲ್ಲಿ ಸಿಗರೇಟು ಶೇ. 15.8, ವೇಪ್ ಶೇ. 1.5. 2019ಕ್ಕೆ ಸಿಗರೇಟು ಶೇ. 5.8ಕ್ಕೆ ಇಳಿದಿತ್ತು, ವೇಪ್ ಶೇ. 27.5ಕ್ಕೆ ಏರಿತ್ತು. 2024ರಲ್ಲಿ ವೇಪ್ ಕೂಡ ಶೇ. 7.8ಕ್ಕೆ ಬಂತು. 'ವೇಪ್ ಬಂದು ಸಿಗರೇಟು ಬಿಡಿಸಿತು' ಅಂತ ಇಲ್ಲಿ ಬರೆಯಬೇಡಿ. ಅಲ್ಲಿ ಸಿಗರೇಟು 1990ರ ದಶಕದ ಕೊನೆಯಿಂದಲೇ ಇಳಿಯುತ್ತಿತ್ತು. ಜೊತೆಗೆ ಗ್ರಾಫು ಏರಿಳಿತವನ್ನಷ್ಟೇ ತೋರಿಸುತ್ತದೆ, ಯಾವ ಹುಡುಗ ಯಾವುದನ್ನು ಬಿಟ್ಟು ಯಾವುದನ್ನು ಹಿಡಿದ ಅಂತ ಹೇಳುವುದಿಲ್ಲ.

ಮಕ್ಕಳಿಗೆ ವೇಪ್ ಯಾಕೆ ಸುಲಭ? ಹಣ್ಣಿನ ಪರಿಮಳ ಒಂದು ಕಾರಣ. ಇನ್ನೊಂದು ನಿಕೋಟಿನ್ ಸಾಲ್ಟ್. ಬರೀ ನಿಕೋಟಿನ್ ಗಂಟಲು ಸುಡುತ್ತದೆ. ಅದಕ್ಕೆ ಬೆಂಜೋಯಿಕ್‌ನಂಥ ಆಮ್ಲ ಸೇರಿಸಿದರೆ ಉರಿ ತಗ್ಗುತ್ತದೆ. ಕೆಮ್ಮು ಬರದೆ ಜಾಸ್ತಿ ನಿಕೋಟಿನ್ ಒಳಗೆ ಹೋಗುತ್ತದೆ. ಮೊದಲ ಬೀಡಿಗೆ ಕೆಮ್ಮಿ ಕೆಮ್ಮಿ ಬಿಟ್ಟವರು ನಮ್ಮೂರಲ್ಲಿ ಎಷ್ಟೋ ಜನ. ಇದರಲ್ಲಿ ಆ ತಡೆಯೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜು: ಜಗತ್ತಿನಲ್ಲಿ 13ರಿಂದ 15 ವರ್ಷದ ಕನಿಷ್ಠ 1.5 ಕೋಟಿ ಮಕ್ಕಳು ವೇಪ್ ಮಾಡುತ್ತಾರೆ.

ನಮ್ಮಲ್ಲಿ 2019ರ ಸೆಪ್ಟೆಂಬರ್‌ನಿಂದ ಇದರ ಮಾರಾಟ ನಿಷಿದ್ಧ. ಎಂದಾದರೂ ವೇಪ್ ಮಾಡಿದ ಮಕ್ಕಳು ಶೇ. 2.8 ಎಂಬ, ಮೇಲೆ ಹೇಳಿದ 2019ರ ಸರ್ವೆಯ ಅಂಕಿ ಅದಕ್ಕೂ ಮೊದಲಿನದು. ನಿಷೇಧ ಫಲ ಕೊಟ್ಟಿತೇ ಎಂಬ ಪ್ರಶ್ನೆಗೆ ಅದನ್ನು ಉತ್ತರವಾಗಿ ಬರೆದರೆ ತಪ್ಪು.

ಮೇಷ್ಟ್ರಾಗಿರುವ ಗೆಳೆಯನೊಬ್ಬ ಒಂಬತ್ತನೇ ಕ್ಲಾಸಿನವನ ಜಾಮಿಟ್ರಿ ಬಾಕ್ಸಿನಲ್ಲಿ ಒಂದನ್ನು ಹಿಡಿದ. ಪೆನ್‌ಡ್ರೈವ್ ಅಂದುಕೊಂಡಿದ್ದನಂತೆ, ಮಾವಿನಹಣ್ಣಿನ ವಾಸನೆ ಬಂತಂತೆ. 'ಸೇದ್ತೀಯೇನೋ?' ಅಂದರೆ ಹುಡುಗ ಬೆಚ್ಚಿಬಿದ್ದು, 'ಇಲ್ಲ ಸಾರ್, ಇದು ಸಿಗರೇಟಲ್ಲ' ಅಂದ. ಸರ್ವೆಯಲ್ಲಿ ವೇಪ್‌ಗೆ ಬೇರೆಯೇ ಪ್ರಶ್ನೆ ಯಾಕೆ ಇಡುತ್ತಾರೆ ಅಂತ ನನಗೆ ತಿಳಿದದ್ದು ಆಗಲೇ.